ಗೆಳೆಯನಿಗೊಂದು ಪತ್ರ: ಆರಿತೆಂದುಕೊಂಡ ಬೆಂಕಿ

ಪ್ರೀತಿಯ ಮಾಣಿಗೆ,

ನೀನು ಕಳಿಸಿದ ಆಲದ ಮರದ ಚಿತ್ರ ತಲುಪಿತು. ಹವಾಯಿಯ ಮಾವಿ ದ್ವೀಪದ ಲಹೈನಾ ಎಂಬ ಕಡಲತಡಿಯ ಪಟ್ಟಣದಲ್ಲಿ, ನಮ್ಮ ದೇಶದಿಂದ ತರಿಸಿದ ಸಸಿಯೊಂದನ್ನು 1873ರಲ್ಲಿ ನೆಟ್ಟಿದ್ದರೆಂದೂ, 2023ರ ಆಗಸ್ಟ್ 8ರಂದು ಊರಿನೊಡನೆ ಅದೂ ಸುಟ್ಟಾಗ ಜನ ಬುಡಕ್ಕೆ ಟ್ಯಾಂಕರಿನಲ್ಲಿ ನೀರು ಹೊಯ್ದು ಗೊಬ್ಬರ ಕೊಟ್ಟು ಕೆಲವೇ ವಾರಗಳಲ್ಲಿ ಚಿಗುರಿಸಿದರೆಂದೂ ತಿಳಿದಾಗ, ನಿನ್ನ ಹಾಗೆಯೇ ನನಗೂ ಕಣ್ಣು ತುಂಬಿತು. ನಾಲ್ಕು ಜನ ಓದುವಂತೆ ಇದರ ಬಗ್ಗೆ ಬರೆ ಎಂದಿದ್ದೀಯ. ಛತ್ರಿಯ ಪ್ರಸಂಗವನ್ನು ನೀನು ಎಲ್ಲರೆದುರು ಎತ್ತುವುದಿಲ್ಲವೆಂಬ ಭರವಸೆಯಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಆದರೆ ಓದುತ್ತಾ ಹೋದಂತೆ ಮರ ಹಿಂದೆ ಸರಿಯಿತು. ಆ ದಿನದ ಬೆಳಗು ನನ್ನನ್ನು ಹಿಡಿದುಕೊಂಡಿತು. ದೂರದ ದಕ್ಷಿಣದಲ್ಲಿ ಚಂಡಮಾರುತವೊಂದು ಹಾದುಹೋಗುತ್ತಿದ್ದಾಗ ಬೀಸಿದ ಬಿರುಗಾಳಿಗೆ ವಿದ್ಯುತ್ ತಂತಿ ಹರಿದು ಒಣಹುಲ್ಲಿನ ಮೇಲೆ ಬಿದ್ದು ಕಿಡಿ ಹತ್ತಿತು. ಅಗ್ನಿಶಾಮಕದವರು ಬಂದು ಆರಿಸಿದರು, ಗಂಟೆಗಟ್ಟಲೆ ಕಾದು ನೋಡಿದರು, ಆರಿತೆಂದು ಹೊರಟರು. ಮಧ್ಯಾಹ್ನ ಅದೇ ಜಾಗದಲ್ಲಿ ಎದ್ದ ಬೆಂಕಿ ಊರನ್ನು ನುಂಗಿತು. ಎಚ್ಚರಿಕೆಯ ಸೈರನ್ ಮೊಳಗಲಿಲ್ಲ. ದಾರಿ ಕಾಣದ ಜನ ಸಮುದ್ರಕ್ಕೆ ಹಾರಿದರು. 102 ಜೀವಗಳು ಹೋದವು, 2,200ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಬೆಳಗಿನ ಬೆಂಕಿ ತಮ್ಮ ತಂತಿಯಿಂದ ಹತ್ತಿದ್ದು ನಿಜ, ಮಧ್ಯಾಹ್ನದ್ದು ತಮ್ಮದಲ್ಲ ಎಂದು ವಿದ್ಯುತ್ ಕಂಪನಿ ಹೇಳಿಕೊಂಡಿತ್ತು. ಎರಡೂ ಒಂದೇ ಬೆಂಕಿ, ಬೆಳಗಿನದೇ ಮತ್ತೆ ಎದ್ದದ್ದು ಎಂದು 2024ರ ಅಕ್ಟೋಬರಿನಲ್ಲಿ ತನಿಖೆಯ ವರದಿ ಹೇಳಿತು.

ಹುಲ್ಲಿನ ಕತೆಯೂ ಇದೆ, ಅದನ್ನು ಬಿಟ್ಟರೆ ನ್ಯಾಯದ ಮಾತು ಅರ್ಧವೇ ಆಗುತ್ತದೆ. ಲಹೈನಾ ಮೊದಲು ಕೆರೆ ತೊರೆಗಳ ಊರು, ಹವಾಯಿಯ ಅರಸರ ರಾಜಧಾನಿಯಾಗಿದ್ದ ಊರು. ಕಬ್ಬಿನ ತೋಟದವರು ಹಳ್ಳಗಳ ನೀರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. 1999ರಲ್ಲಿ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಪಾಳುಬಿದ್ದ ನೆಲವನ್ನೆಲ್ಲ ಹೊರಗಿನಿಂದ ಬಂದ ಹುಲ್ಲು ತುಂಬಿಕೊಂಡಿತು. ನಾವು ತೋಟದ ಅಂಚಿನಲ್ಲಿ ಹಸುವಿಗೆಂದು ಬೆಳೆಸುವ ಗಿನಿ ಹುಲ್ಲೂ ಅದರಲ್ಲಿತ್ತು. ನಮ್ಮ ಹಸು ಮೇಯುವುದರಿಂದ ಇಲ್ಲಿ ಅದು ಮೇವು, ಮೇಯುವವರಿಲ್ಲದ ಕಡೆ ಅದೇ ಸೌದೆ.

2024ರ ಆಗಸ್ಟಿನಲ್ಲಿ ವಿದ್ಯುತ್ ಕಂಪನಿ, ಸರ್ಕಾರ, ಜಮೀನಿನ ಒಡೆಯರೆಲ್ಲ ಸೇರಿ ಸುಮಾರು 400 ಕೋಟಿ ಡಾಲರಿನ ರಾಜಿಗೆ ಒಪ್ಪಿದರು. ವಿಮಾ ಕಂಪನಿಗಳು ತಮ್ಮ ಪಾಲಿಗಾಗಿ ಬೇರೆ ದಾವೆ ಹೂಡುವಂತಿಲ್ಲವೆಂದು ಹವಾಯಿಯ ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಹೇಳಿದ ಮೇಲೆ ಅದರ ದಾರಿ ಸಲೀಸಾಯಿತು. ಹಣ ಬೇಕು, ಮಾಣಿ, ಸೂರು ಕಳೆದುಕೊಂಡವರಿಗೆ ಹಣ ಬೇಡವೆನ್ನುವ ಹಕ್ಕು ನಮಗಿಲ್ಲ. ಆದರೆ ಆ ರಾಜಿಯಲ್ಲಿ ಹಣ ಕೊಡುವವರು ತಪ್ಪನ್ನು ಒಪ್ಪಿಕೊಂಡಿಲ್ಲ. ಲಹೈನಾದವರು ಅಷ್ಟಕ್ಕೆ ಸುಮ್ಮನಾಗಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ಸುಟ್ಟ ನಿವೇಶನಗಳು ಹೊರಗಿನ ಸಿರಿವಂತರ ಕೈಗೆ ಹೋಗದಿರಲೆಂದು ‘ಲಹೈನಾ ಮಾರಾಟಕ್ಕಿಲ್ಲ’ ಎಂದು ಸಾರಿದರು. ಊರಿನ ನೆಲ ಊರಿನವರಲ್ಲೇ ಉಳಿಯಲೆಂದು ಸಮುದಾಯದ ಭೂ ಟ್ರಸ್ಟು ಕಟ್ಟಿದರು. ಪ್ರವಾಸಿಗರ ಹೋಟೆಲುಗಳ ಎದುರಿನ ಕಡಲತೀರದಲ್ಲಿ ಗಾಳ ನೆಟ್ಟು, ಮೀನು ಹಿಡಿಯುವ ಹಕ್ಕಿನ ಹೆಸರಿನಲ್ಲೇ ಡೇರೆ ಹಾಕಿ ಕುಳಿತು, ನಮಗೆ ಇರಲು ಮನೆ ಕೊಡಿ ಎಂದು ಕೇಳಿದರು. ಲಿಂಗನಮಕ್ಕಿಯ ನೀರಿಗೆ ಊರು ಬಿಟ್ಟುಕೊಟ್ಟು ಅರವತ್ತು ವರ್ಷ ದಾಟಿದರೂ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿರುವ ಶರಾವತಿ ಸಂತ್ರಸ್ತರ ನಡುವೆ ಬೆಳೆದ ನಮಗೆ, ಆ ಗಾಳದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಬರೆದು ಮುಗಿಸಬೇಕೆಂದಿದ್ದೆ, ಆಗುತ್ತಿಲ್ಲ. ಕೆಳಮನೆ ದೊಡ್ಡಮ್ಮನ ಕೊಟ್ಟಿಗೆ ಸುಟ್ಟದ್ದು ನಿನಗೆ ಗೊತ್ತು, ಆದರೆ ಆ ಬೇಸಿಗೆ ನೀನು ಊರಲ್ಲಿರಲಿಲ್ಲ. ಬೇಣದ ಹುಲ್ಲುಗಾವಲಿನ ಮೇಲೆ ಜೋತುಬಿದ್ದಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಒಣಗಿದ ಕರಡದ ಹುಲ್ಲಿಗೆ ಬೆಂಕಿ ಹತ್ತಿತು. ನಾವು ಏಳೆಂಟು ಜನ ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸಿದೆವು. ಅಲ್ಲೊಂದು ಹಳೆಯ ಮತ್ತಿಯ ಬೊಡ್ಡೆ ಇತ್ತು. ಅದರ ಬುಡದಿಂದ ದಾರದಂತೆ ಸಣ್ಣ ಹೊಗೆ ಏಳುತ್ತಿತ್ತು. ಹತ್ತಿರ ಹೋಗಿ ಒಂದು ಕೊಡಪಾನ ನೀರು ಸುರಿದೆ, ಚುಂಯ್ ಎಂದು ಹೊಗೆ ನಿಂತಿತು. ‘ಆರಿತು, ಊಟಕ್ಕೆ ನಡೀರಿ’ ಎಂದವನು ನಾನೇ. ಮೂರು ಗಂಟೆಯ ಹೊತ್ತಿಗೆ ಹುಲ್ಲಿನ ಬಣವೆ ಉರಿಯುತ್ತಿತ್ತು, ಅಲ್ಲಿಂದ ಕೊಟ್ಟಿಗೆಗೆ ಹಾರಿತು. ಹಸುಗಳ ಹಗ್ಗ ಕೊಯ್ದೆವು, ಕರುವಿನ ಕಡೆಗೆ ಹೋಗಲಾಗಲಿಲ್ಲ.

ಪರಿಹಾರದ ಅರ್ಜಿ ಬರೆದುಕೊಟ್ಟವನೂ ನಾನೇ. ತಂತಿ ಬಿಗಿಗೊಳಿಸಿ ಎಂದು ದೊಡ್ಡಮ್ಮ ಎರಡು ಸಲ ಹೇಳಿಸಿದ್ದಳು. ಅದನ್ನು ನಾನು ಅರ್ಜಿಯಲ್ಲಿ ಬರೆಯಲಿಲ್ಲ. ‘ಆಕಸ್ಮಿಕವಾಗಿ’ ಎಂದು ಬರೆದೆ. ಹಾಗೆ ಬರೆದರೆ ಹಣ ಬೇಗ ಬರುತ್ತದೆ ಎಂದು ಅವಳಿಗೆ ಹೇಳಿದೆ, ಇಷ್ಟು ವರ್ಷ ನನಗೂ ಅದನ್ನೇ ಹೇಳಿಕೊಂಡೆ. ತನಿಖೆಗೆ ಬಂದವರು ಬೆಳಗಿನ ಬೆಂಕಿಯನ್ನು ಬಿಟ್ಟುಬಂದವರು ಯಾರು ಎಂದು ಕೇಳಿಬಿಟ್ಟಾರೆಂಬ ಹೆದರಿಕೆ ಆ ಪದದ ಹಿಂದೆ ಇತ್ತೆಂಬುದು ಲಹೈನಾದ ವರದಿ ಓದಿದ ರಾತ್ರಿ ನನಗೆ ಸ್ಪಷ್ಟವಾಯಿತು. ದೊಡ್ಡಮ್ಮ ಓದದೆ ಸಹಿ ಹಾಕಿದಳು. ನಾನು ಬರೆದದ್ದೆಂಬ ನಂಬಿಕೆ ಅವಳಿಗೆ.

ಇದನ್ನು ಎಲ್ಲರೆದುರು ಬರೆಯುವ ಉದ್ದೇಶವಿರಲಿಲ್ಲ. ಇರಲಿ, ಅಳಿಸುವುದಿಲ್ಲ. ನಾಳೆ ಬೆಳಿಗ್ಗೆ ಕೆಳಮನೆಗೆ ಹೋಗಿ ಇಷ್ಟನ್ನೂ ಅವಳಿಗೇ ಹೇಳುತ್ತೇನೆ. ತಂತಿ ಈಗಲೂ ಜೋತೇ ಇದೆ. ಈ ಸಲದ ಅರ್ಜಿಯನ್ನು ಅವಳ ಬಾಯಿಂದ ಕೇಳಿ, ಅವಳು ಹೇಳಿದಂತೆಯೇ ಬರೆಯುತ್ತೇನೆ.

ನೀನು ಮಳೆ ಹಿಡಿಯುವ ಮೊದಲು ಬಾ. ಹಲಸಿನ ಹಪ್ಪಳ ಅಟ್ಟದ ಮೇಲೆ ಒಣಗುತ್ತಿದೆ, ಎರಡು ಕಟ್ಟು ನಿನ್ನ ಪಾಲಿಗೆ ಎತ್ತಿಟ್ಟಿದ್ದಾಳೆ ನಮ್ಮವಳು. ಛತ್ರಿ ಮಾತ್ರ ನಿನ್ನದೇ ತಾ.

ನಿನ್ನ,
ಮೇಲಿನಮನೆಯವ