ಶನಿವಾರ ಆಕಾಶ ನೋಡಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ ರೀ. ಈ ಶನಿವಾರ ಸಂಜೆ 7ಕ್ಕೆ ಸೇಡಂ ರಸ್ತೆ ಕಡೆಯ ನಮ್ಮ ಹೊಲದಲ್ಲಿ ಸೇರೋಣ. ತೊಗರಿ ರಾಶಿ ಮುಗಿದಿದೆ, ಜಾಗ ಖಾಲಿ. ಕೂಳೆ ಚುಚ್ಚುತ್ತದೆ, ಬೂಟು ಹಾಕಿಕೊಂಡೇ ಬನ್ನಿ.

ಈ ಸಲದ ಮಾತು ಸಿಡಿಯುವ ದೊಡ್ಡ ನಕ್ಷತ್ರಗಳದ್ದು. ಇಂಧನ ತೀರಿದಾಗ ಒಡಲು ಕುಸಿಯುತ್ತದೆ. ಅಪರೂಪಕ್ಕೆ ಅಲ್ಲಿ ಕಪ್ಪುಕುಳಿ (ಬೆಳಕನ್ನೂ ಬಿಡದೆ ಎಳೆದುಕೊಳ್ಳುವ ಬ್ಲ್ಯಾಕ್ ಹೋಲ್) ಹುಟ್ಟಿ, ಎರಡೂ ಕಡೆ ವಸ್ತುವಿನ ಸಪೂರ ಧಾರೆ ಚಿಮ್ಮುತ್ತದೆ. ಅದು ನಮ್ಮ ಕಡೆ ಮುಖ ಮಾಡಿದ್ದರೆ ಗಾಮಾ ಕಿರಣಗಳ (ಎಕ್ಸ್-ರೇಗಿಂತಲೂ ಪ್ರಬಲ ಕಿರಣ) ಸ್ಫೋಟ ಕಾಣುತ್ತದೆ. 1967ರಲ್ಲಿ ಇದು ಮೊದಲು ಸಿಕ್ಕಿದ್ದು ಅಣುಬಾಂಬ್ ಪರೀಕ್ಷೆ ಹಿಡಿಯಲು ಹಾರಿಸಿದ್ದ ವೇಲಾ ಉಪಗ್ರಹಗಳಿಗೆ! ಈ ಸ್ಫೋಟಕ್ಕೆ ಸಿಡಿದ ನಕ್ಷತ್ರದ ಜೊತೆ ನಂಟು ಕಂಡಿದ್ದು 1998ರ ಏಪ್ರಿಲ್‌ನಲ್ಲಿ, ಗಟ್ಟಿಯಾಗಿದ್ದು 2003ರಲ್ಲಿ.

'ಆರ್ದ್ರಾ ನಕ್ಷತ್ರ ಸಿಡಿದರೆ ನಾವು ಸುಟ್ಟು ಹೋಗ್ತೀವಾ ಕಾಕಾ?' ಅಂತ ಹೋದ ಸಲ ಒಬ್ಬ ಹುಡುಗ ಕೇಳಿದ್ದ. ಇಲ್ಲಪ್ಪ. ಅದಕ್ಕೆ ಹೈಡ್ರೋಜನ್ ಹೊದಿಕೆ ಜಾಸ್ತಿ, ಅಂಥ ಧಾರೆ ಹೊರಬರುವುದು ಕಷ್ಟ. ದೂರವೂ 500 ಬೆಳಕಿನ ವರ್ಷಕ್ಕಿಂತ ಹೆಚ್ಚು. ಶನಿವಾರ ತೋರಿಸುತ್ತೇನೆ, ಕೆಂಪಗಿದೆ.

ಟಾರ್ಚಿಗೆ ಕೆಂಪು ಕಾಗದ ಸುತ್ತಿ ತನ್ನಿ, ಮೊಬೈಲ್ ಬೆಳಕು ಬೇಡ. ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ರೊಟ್ಟಿ ಲೆಕ್ಕ ಹಾಕಬೇಕು. ಸುಮ್ನೆ ಹೆಬ್ಬೆರಳು ಒತ್ತಬೇಡಿ, ಸಂಖ್ಯೆ ಬರೆಯಿರಿ.