ಗ್ಯಾಲರಿ ಬೇಡ, ಮೈದಾನದ ನೀರು ಹೋದರೆ ಸಾಕು

ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ಗಣರಾಜ್ಯೋತ್ಸವದ ದಿನ ನಮ್ಮ ತಾಲ್ಲೂಕಿನ ಮೈದಾನದಲ್ಲಿ ತಾವು ಭಾಷಣ ಮಾಡುತ್ತಾ ಇಲ್ಲೊಂದು ಗ್ಯಾಲರಿ ಕಟ್ಟಿಸಿಕೊಡುವುದಾಗಿ ಹೇಳಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಪಕ್ಕದವರು ಏನೆಂದುಕೊಂಡಾರೋ ಎಂದು ನಾನೂ ತಟ್ಟಿದೆ. ಅದೇ ಭಾಷಣದಲ್ಲಿ ತಾವು ಇನ್ನೊಂದು ಮಾತನ್ನೂ ಹೇಳಿದಿರಿ: ಫುಟ್‌ಬಾಲ್ ಏನಿದ್ದರೂ ಬಂಗಾಳದವರ, ಕೇರಳದವರ ಆಟ, ನಮ್ಮದು ಕ್ರಿಕೆಟ್ಟು, ಕಬಡ್ಡಿ. ಆ ಮಾತಿಗೆ ಮಾತ್ರ ನನ್ನ ಕೈ ಏಳಲಿಲ್ಲ. ಮೂವತ್ತೊಂದು ವರ್ಷ ಈ ಜಿಲ್ಲೆಯ ಶಾಲೆಗಳಲ್ಲಿ ಪಿ.ಟಿ. ಮೇಷ್ಟರಾಗಿ ಸೀಟಿ ಊದಿ ನಿವೃತ್ತನಾದವನು ನಾನು. ಸುಮ್ಮನಿರಲು ಆಗಲಿಲ್ಲ.

ಬಂಗಾಳದ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳೋಣ. ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಶುರುವಾದದ್ದು 1941ರಲ್ಲಿ. ಮೈಸೂರು ತಂಡ ಅದನ್ನು ನಾಲ್ಕು ಸಲ ಗೆದ್ದಿತು: 1946–47, 1952–53, 1967–68, 1968–69. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತವರು ಬಂಗಾಳದವರೇ. ಮೊದಲ ಸಲ ಗೆದ್ದಾಗ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಈ ಹೆಸರೇ ಇರಲಿಲ್ಲ, ಕಡೂರು ಜಿಲ್ಲೆ ಎನ್ನುತ್ತಿದ್ದರು. ಅದಕ್ಕೂ ಹಿಂದೆ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. 1891ರಿಂದ ಆ ಕಪ್ ಬಿಳಿಯರ ಪಲ್ಟನ್‌ಗಳ ಮನೆ ಆಸ್ತಿಯಂತಿತ್ತು. ಅದನ್ನು ಎತ್ತಿದ ಮೊದಲ ಭಾರತೀಯ ತಂಡ ಬೆಂಗಳೂರಿನದು. ಮರುವರ್ಷವೂ ಬಿಟ್ಟುಕೊಡಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿ 2–1ರಿಂದ ಸೋತೆವು. ಆ ಒಂದು ಗೋಲು, ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಬಡಿಯಿತು. ಆ ಅವಮಾನದ ನಡುವೆಯೂ ಒಂದು ಗೋಲು ಗಿಟ್ಟಿಸಿದವರು ಬೆಂಗಳೂರಿನ ಅಹ್ಮದ್ ಖಾನ್. 1956ರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ತಂಡದಲ್ಲಿ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ನಮ್ಮ ಶಾಲೆಗಳ ಗೋಡೆಗಳ ಮೇಲೆ ಕ್ರಿಕೆಟಿಗರ ಚಿತ್ರಗಳಿವೆ, ಇರಲಿ, ಬೇಡವೆನ್ನುವುದಿಲ್ಲ. ಆದರೆ ಈ ನಾಲ್ವರಲ್ಲಿ ಒಬ್ಬರ ಚಿತ್ರವನ್ನೂ ನಾನು ಎಲ್ಲಿಯೂ ಕಂಡಿಲ್ಲ.

ಇಷ್ಟು ಹೇಳಿ ಮೀಸೆ ತಿರುವುವುದು ಸುಲಭ. ಆದರೆ ಈ ಹೆಮ್ಮೆಯಲ್ಲಿ ನಮ್ಮ ಮಲೆನಾಡಿನ ಪಾಲು ಎಷ್ಟು? ಮೈಸೂರಿನ ಫುಟ್‌ಬಾಲ್ ಎಂದು ನಾವು ಕರೆಯುವುದರ ಬಹುಪಾಲು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಸುತ್ತಮುತ್ತಲಿನ ಕೆಲವು ಕೇರಿಗಳ ಆಟ. ಹಲಸೂರು, ಆಸ್ಟಿನ್ ಟೌನ್, ಗೌತಮಪುರ, ಹೀಗೆ ಒಂದು ಬೆಳಗ್ಗೆ ನಡೆದು ಸುತ್ತಿಬರಬಹುದಾದಷ್ಟು ಜಾಗ. ಇನ್ನೊಂದು ತಮಾಷೆಯೆಂದರೆ 1947ರ ತನಕ ಆ ಕಂಟೋನ್ಮೆಂಟ್ ಮಹಾರಾಜರ ಆಡಳಿತದಲ್ಲೇ ಇರಲಿಲ್ಲ, ಬ್ರಿಟಿಷರ ಕೈಯಲ್ಲಿತ್ತು. ಗೆದ್ದವರು ಅಲ್ಲಿನವರು, ಹೆಸರು ಮೈಸೂರಿನದು, ಹೆಮ್ಮೆ ನಮ್ಮೆಲ್ಲರದು.

ಹಾಗಾದರೆ ಆ ಕೇರಿಗಳ ನೀರಿನಲ್ಲಿ ಏನಾದರೂ ವಿಶೇಷವಿತ್ತೇ? ನಾನು ಕಂಡುಕೊಂಡಂತೆ ಅಲ್ಲಿದ್ದವು ಮೂರೇ ಸಂಗತಿ. ಪಲ್ಟನ್ನಿನವರು ಕವಾಯತಿಗೆಂದು ಬಿಟ್ಟುಕೊಂಡಿದ್ದ ಬಯಲುಗಳಿದ್ದವು. ಸಿಪಾಯಿಗಳ ಬಟ್ಟೆ ಒಗೆಯುವವರ, ಅಡುಗೆ ಮಾಡುವವರ, ಕುದುರೆ ನೋಡಿಕೊಳ್ಳುವವರ ಮಕ್ಕಳು ಆ ಬಯಲಿನ ಅಂಚಿನಲ್ಲಿ ನಿಂತು ನೋಡಿ ಆಟ ಕಲಿತರು. ಕಲಿತ ಮೇಲೆ ಎದುರಾಳಿಗೆ ಬರವಿರಲಿಲ್ಲ, ವರ್ಷ ವರ್ಷವೂ ಲೀಗ್ ಇತ್ತು. ಆಮೇಲೆ 1940ರಲ್ಲಿ ವಿಮಾನ ಕಾರ್ಖಾನೆ ಎಚ್.ಎ.ಎಲ್., 1948ರಲ್ಲಿ ದೂರವಾಣಿ ಕಾರ್ಖಾನೆ ಐ.ಟಿ.ಐ. ಬಂದವು. ಕಾರ್ಖಾನೆಗಳು ತಂಡ ಕಟ್ಟಿ, ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಕೊಟ್ಟವು. ಚೆಂಡು ಒದ್ದರೆ ಅನ್ನ ಹುಟ್ಟುತ್ತದೆ ಎಂದು ಗೊತ್ತಾದಾಗ ಯಾವ ತಾಯಿಯೂ ಮಗನಿಗೆ ಬೈಯುವುದಿಲ್ಲ. ಆ ಕೆಲಸಗಳು ಕಡಿಮೆಯಾಗುತ್ತಾ ಬಂದಂತೆ ಆಟವೂ ಸೊರಗಿತು. ಐದನೆಯ ಸಂತೋಷ್ ಟ್ರೋಫಿ ಬರುವುದಕ್ಕೆ 2023ರ ಮಾರ್ಚ್ ಬೇಕಾಯಿತು. ಆ ಫೈನಲ್ ನಡೆದದ್ದು ಸೌದಿ ಅರೇಬಿಯದ ರಿಯಾದ್‌ನಲ್ಲಿ. ಮೇಘಾಲಯವನ್ನು 3–2ರಿಂದ ಸೋಲಿಸಿದೆವು. ಕರ್ನಾಟಕ ಎಂಬ ಹೆಸರಿನಲ್ಲಿ ಗೆದ್ದದ್ದು ಅದೇ ಮೊದಲು. ಮರುದಿನ ನಮ್ಮೂರಿನ ಹೋಟೆಲಿನಲ್ಲಿ ಆ ಸುದ್ದಿ ಎತ್ತಿದರೆ, ಪಕ್ಕದ ಮೇಜಿನವರು ಅದು ಯಾವ ಟ್ರೋಫಿ ಎಂದು ನನ್ನನ್ನೇ ಕೇಳಿದರು.

ನಮ್ಮಲ್ಲಿ ಆಟವೇ ಇರಲಿಲ್ಲವೆಂದು ತಿಳಿಯಬೇಡಿ. ನಮ್ಮ ತಂದೆ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರು. ಕುಯಿಲು ಮುಗಿದು, ಒಣಗಿದ ಕಾಫಿ ಮೂಟೆಯಾಗಿ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ ಅದನ್ನು ಒಣಗಿಸುವ ಕಣ ಖಾಲಿ ಬೀಳುತ್ತಿತ್ತು. ಕೂಲಿಕಾರರ ಲೈನ್ ಮನೆಗಳ ಹುಡುಗರಿಗೆ ಅದೇ ಮೈದಾನ. ತಮಿಳು, ತುಳು, ಮಲಯಾಳ, ಕನ್ನಡ ಎಲ್ಲವೂ ಕಲಸಿದ ಬೈಗುಳ. ಸಿಲ್ವರ್ ಓಕ್ ಗಳುಗಳೇ ಗೋಲುಕಂಬ. ಕಣದ ಮೇಲೆ ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಚೆಂಡು ಗಿಡಗಳ ನಡುವೆ ಹೋದರೆ ತರಲು ಹೋದವನು ಎರಡು ಉಂಬಳ (ಜಿಗಣೆ) ಕಚ್ಚಿಸಿಕೊಂಡೇ ಬರಬೇಕು. ಆಷಾಢದ ಮಳೆಯಲ್ಲೂ ಆಟ ನಿಲ್ಲುತ್ತಿರಲಿಲ್ಲ. ಇದು ಮುಖ್ಯ, ದಯವಿಟ್ಟು ಗಮನಿಸಬೇಕು: ಮಳೆ ಬಂದರೆ ಕ್ರಿಕೆಟ್ಟು ಮನೆಗೆ ಹೋಗುತ್ತದೆ, ಫುಟ್‌ಬಾಲ್ ಹೋಗುವುದಿಲ್ಲ. ಕೊಟ್ಟಿಗೆಹಾರದಂಥ ಮಳೆಯ ಊರುಗಳಿರುವ ಜಿಲ್ಲೆಗೆ ಒಗ್ಗುವ ಆಟ ಯಾವುದು ಎಂದು ಪಂಚಾಂಗವೇ ಹೇಳುತ್ತದೆ.

ಆದರೆ ಆ ಕಣದಿಂದ ಹೊರಗೆ ದಾರಿಯೇ ಇರಲಿಲ್ಲ. ಇಂದಿಗೂ ಇಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನನ್ನು ಬೆಂಗಳೂರಿಗೆ ಆಯ್ಕೆಗೆಂದು ಕರೆದುಕೊಂಡು ಹೋದೆ. ಲೈನ್ ಮನೆಯ ಹುಡುಗ, ಎರಡೂ ಕಾಲಿನಲ್ಲಿ ಒಂದೇ ಸಮ ಒದೆಯಬಲ್ಲವನು. ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಬಸ್ ನಿಲ್ದಾಣದಲ್ಲೇ ಮುಖ ತೊಳೆದು ಹೋದೆವು. ಅಲ್ಲಿ ಕುಳಿತಿದ್ದವರು ಅವನನ್ನು ಕೇಳಿದ ಮೊದಲ ಪ್ರಶ್ನೆ, ಯಾವ ಲೀಗ್‌ನಲ್ಲಿ ಆಡಿದ್ದೀಯ? ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಹತ್ತು ನಿಮಿಷ ಆಡಿಸಿ ಕಳಿಸಿದರು. ಅವರದು ತಪ್ಪೆಂದು ನಾನು ಹೇಳಲಾರೆ. ವರ್ಷಕ್ಕೆ ಮೂವತ್ತು ಪಂದ್ಯ ಆಡಿದವರ ನಡುವೆ, ವರ್ಷಕ್ಕೊಮ್ಮೆ ತಾಲ್ಲೂಕು ಕ್ರೀಡಾಕೂಟದಲ್ಲಿ ಎರಡು ಪಂದ್ಯ ಆಡಿದವನನ್ನು ಹತ್ತು ನಿಮಿಷದಲ್ಲಿ ಯಾರು ತಾನೇ ಗುರುತಿಸಿಯಾರು? ಆ ಹುಡುಗ ಈಗ ಪಿಕಪ್ ವಾಹನ ಓಡಿಸುತ್ತಾನೆ. ದಾರಿಯಲ್ಲಿ ಸಿಕ್ಕರೆ ನಿಲ್ಲಿಸಿ ಸಾರ್ ಎನ್ನುತ್ತಾನೆ.

ಈಗ ಗ್ಯಾಲರಿಯ ವಿಷಯ. ಗ್ಯಾಲರಿ ನೋಡುವವರಿಗೆ. ನೋಡುವುದಕ್ಕೆ ಏನಿದೆ ಸ್ವಾಮಿ? ನಮ್ಮ ಮೈದಾನ ತಟ್ಟೆಯ ಹಾಗೆ ನಡುವೆ ಕುಸಿದಿದೆ. ವಸ್ತುಪ್ರದರ್ಶನದ ಲಾರಿಗಳು, ಸಮಾವೇಶದ ಶಾಮಿಯಾನ ಗೂಟಗಳು, ಸಂಜೆಯ ಕಾರುಗಳು ಎಲ್ಲ ಸೇರಿ ಕೆಮ್ಮಣ್ಣನ್ನು ಗಾರೆಯಂತೆ ಗಟ್ಟಿ ಮಾಡಿವೆ. ಜೂನ್‌ನಲ್ಲಿ ನಿಂತ ನೀರು ದಸರೆಯ ಹೊತ್ತಿಗೆ ಹೋಗುತ್ತದೆ. ಅಂದರೆ ಫುಟ್‌ಬಾಲಿನ ಕಾಲದಲ್ಲಿಯೇ ಮೈದಾನವಿಲ್ಲ.

ಆದ್ದರಿಂದ ಗ್ಯಾಲರಿಯ ಹಣವನ್ನು ನೆಲದೊಳಗೆ ಹಾಕಿಸಿ ಎಂದು ಕೇಳುತ್ತಿದ್ದೇನೆ. ನಡುಭಾಗ ಎತ್ತರಿಸಿ ಅಂಚಿಗೆ ಇಳಿಜಾರು ಕೊಡಬೇಕು, ಮೇಲೆ ಮರಳು ಬೆರೆಸಿದ ಮಣ್ಣು ಹರಡಬೇಕು, ಸುತ್ತ ಚರಂಡಿ ತೆಗೆಸಬೇಕು. ನೆಲದೊಳಗಿನ ಕೆಲಸಕ್ಕೆ ಶಿಲಾಫಲಕ ಹಾಕುವುದು ಕಷ್ಟ, ನಿಜ. ಎರಡು ಗೋಲುಕಂಬ ಕಾಯಂ ಆಗಿ ನೆಡಿಸಿ: 7.32 ಮೀಟರ್ ಅಗಲ, 2.44 ಮೀಟರ್ ಎತ್ತರ, ಜಗತ್ತಿನಾದ್ಯಂತ ಇದೇ ಅಳತೆ. ನಾಲ್ಕರಿಂದ ಆರೂವರೆ ತನಕ ಅಲ್ಲಿ ವಾಹನ ನಿಲ್ಲಿಸದಂತೆ ಒಂದು ಆದೇಶ ಬೇಕು. ಮತ್ತೆ ಜೂನ್‌ನಿಂದ ಸೆಪ್ಟೆಂಬರ್ ತನಕ, ಪ್ರತಿ ಶನಿವಾರ, ತಾಲ್ಲೂಕಿನ ಶಾಲೆಗಳ, ಎಸ್ಟೇಟುಗಳ ತಂಡಗಳಿಗೆ ಒಂದು ಲೀಗ್. ಹುಡುಗಿಯರಿಗೂ ಬೇಕು. ನನ್ನ ಕೊನೆಯ ಐದು ವರ್ಷಗಳಲ್ಲಿ ಒಳ್ಳೆಯ ಆಟಗಾರರೆಂದು ನಾನು ಗುರುತು ಹಾಕಿಕೊಂಡವರಲ್ಲಿ ಅರ್ಧ ಹುಡುಗಿಯರೇ. ತೀರ್ಪುಗಾರರಿಗೆ ಬಸ್ ಚಾರ್ಜು ಕೊಟ್ಟರೆ ಸಾಕು. ಒಬ್ಬ ತೀರ್ಪುಗಾರ ಅದೂ ಇಲ್ಲದೆ ಬರುತ್ತಾನೆ. ಅವನ ಸೀಟಿ ಇನ್ನೂ ಮೊಳೆಗೆ ನೇತುಹಾಕಿಯೇ ಇದೆ.

ಇದನ್ನು ಓದಿ ಅನುಮಾನ ಬಂದರೆ ಜುಲೈನಲ್ಲಿ ಯಾವುದಾದರೂ ಶನಿವಾರ ಸಂಜೆ ಐದು ಗಂಟೆಗೆ, ಮೈದಾನದ ಪೂರ್ವದ ಅಂಚಿಗೆ ದಯಮಾಡಿಸಿ. ನೀರು ನಿಲ್ಲದ ಜಾಗ ಅದೊಂದೇ. ಹದಿನೈದು ಇಪ್ಪತ್ತು ಹುಡುಗರು ಅಲ್ಲಿ ಆಡುತ್ತಿರುತ್ತಾರೆ, ಕಂಬದ ಜಾಗದಲ್ಲಿ ಚಪ್ಪಲಿಗಳಿರುತ್ತವೆ. ಬರುವಾಗ ಛತ್ರಿ ತನ್ನಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಚಿಕ್ಕಮಗಳೂರು ಜಿಲ್ಲೆ