ಮೈದಾನ ಕಾದವರಿಗೆ

ದಕ್ಷಿಣ ಏಷ್ಯಾದ ರಾಷ್ಟ್ರೀಯ ಫುಟ್‌ಬಾಲ್ ತಂಡಗಳ ಸ್ಯಾಫ್ ಚಾಂಪಿಯನ್‌ಶಿಪ್ 2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮುಗಿಯಿತು. ಭಾರತ ಒಂಬತ್ತನೆಯ ಬಾರಿಗೆ ಪ್ರಶಸ್ತಿ ಗೆದ್ದಿತು. ಆಟದ ಬಗ್ಗೆ ಬರೆಯಬಲ್ಲವರು ಈಗಾಗಲೇ ಬರೆದಿದ್ದಾರೆ. ನಾನು ಬರೆಯಬೇಕಾಗಿರುವುದು ಆ ಆಟಗಾರರ ಕಾಲಡಿಯ ಹುಲ್ಲನ್ನು ಎರಡು ವಾರ ಜೀವಂತವಾಗಿ ಇಟ್ಟವರ ಬಗ್ಗೆ, ಅದರಲ್ಲಿಯೂ ಒಬ್ಬರ ಬಗ್ಗೆ.

ಕೆಲಸದ ಭಾರ ಎಷ್ಟಿತ್ತೆಂಬುದನ್ನು ಹೊರಗಿನವರಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಮಾಲ್ದೀವ್ಸ್, ಭೂತಾನ್, ಇವುಗಳ ಜೊತೆಗೆ ಅತಿಥಿಗಳಾಗಿ ಬಂದ ಕುವೈತ್ ಮತ್ತು ಲೆಬನಾನ್, ಹೀಗೆ ಎಂಟು ತಂಡಗಳ 15 ಪಂದ್ಯಗಳೂ ಈ ಒಂದೇ ಮೈದಾನದಲ್ಲಿ, ಜೂನ್ 21ರಿಂದ ಆರಂಭಿಸಿ ಎರಡು ವಾರಗಳೊಳಗೆ ನಡೆದವು. ಫೈನಲ್ ಒಂದನ್ನು ಬಿಟ್ಟರೆ ಪಂದ್ಯವಿದ್ದ ದಿನಗಳಲ್ಲೆಲ್ಲ ಮಧ್ಯಾಹ್ನ ಒಂದು, ರಾತ್ರಿ ಇನ್ನೊಂದು. ಅದೂ ಮುಂಗಾರಿನಲ್ಲಿ. ಹುಲ್ಲು ಬೇರೂರಿ ಚೇತರಿಸಿಕೊಳ್ಳಲು ದಿನಗಳು ಬೇಕು, ನಮಗೆ ಸಿಗುತ್ತಿದ್ದುದು ಗಂಟೆಗಳು.

ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದನ್ನು ಓದುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಈ ಕೆಲಸ ಒಪ್ಪಿಕೊಳ್ಳಬೇಡವೆಂದು ಕೆಲವರು ಹೇಳಿದ್ದರು, ಒಪ್ಪಿಕೋ ಎಂದು ಅಮ್ಮ ಹೇಳಿದಳು. ಮಗನನ್ನು ನೋಡಿಕೊಂಡ ಅಮ್ಮನಿಗೆ ಮತ್ತು ಅತ್ತಿಗೆಗೆ, ರಾತ್ರಿ ಪಾಳಿಗೆ ಊಟ ಕಳುಹಿಸಿದ ಗೆಳತಿಯರಿಗೆ, ಗೆರೆ ಹಾಕಿದ, ಹುಲ್ಲು ಕತ್ತರಿಸಿದ, ಮರಳು ಹೊತ್ತ ನನ್ನ ತಂಡದ ಎಲ್ಲ ಸಹೋದ್ಯೋಗಿಗಳಿಗೆ, ಕೃಷಿ ವಿಶ್ವವಿದ್ಯಾಲಯದಲ್ಲಿ ನನಗೆ ಪಾಠ ಹೇಳಿ ಈಗಲೂ ಫೋನ್ ಎತ್ತುವ ಗುರುಗಳಿಗೆ ನನ್ನ ನಮಸ್ಕಾರಗಳು.

ಇನ್ನು ಯಜಮಾನರು, ಅಂದರೆ ಮೊದಲು ಹೇಳಿದ ಆ ಒಬ್ಬರು. ಹೆಸರು ಹಾಕಕೂಡದೆಂದು ಅವರು ಹೇಳಿರುವುದರಿಂದ ನಾವೆಲ್ಲ ಕರೆಯುವ ಹಾಗೆಯೇ ಬರೆಯುತ್ತೇನೆ. ಅವರು ಗೌತಮಪುರದವರು. ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಆ ಬಡಾವಣೆಯಲ್ಲಿ ಫುಟ್‌ಬಾಲ್ ಆಡದೆ ದೊಡ್ಡವರಾಗುವುದು ಕಷ್ಟ. ಮೊಣಕಾಲು ಕೈಕೊಟ್ಟ ಮೇಲೆ ಅವರು ಹುಲ್ಲಿನ ಕೆಲಸಕ್ಕೆ ಬಂದರಂತೆ. 2017ರ ಅಕ್ಟೋಬರ್‌ನಲ್ಲಿ ಭಾರತವು ಮಕಾವ್ ತಂಡವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದ ರಾತ್ರಿಯೂ ಅವರು ಇದೇ ಮೈದಾನದ ಅಂಚಿನಲ್ಲಿದ್ದರು. ಆ ಪಂದ್ಯದ ಗೋಲುಗಳನ್ನು ಹೊಡೆದವರು ಯಾರೆಂದು ಕೇಳಿದರೆ ಅವರಿಗೆ ನೆನಪಿಲ್ಲ. ಹುಲ್ಲು ಎಲ್ಲಿ ತೆಳುವಾಗಿತ್ತು ಎಂಬುದು ನೆನಪಿದೆ.

ಮೊದಲ ದಿನದ ರಾತ್ರಿಯೇ ನನ್ನ ಪಾಲಿಗೆ ಅತ್ಯಂತ ಕಠಿಣವಾದುದು. ಮಧ್ಯಾಹ್ನ ಕುವೈತ್ ತಂಡ ನೇಪಾಳವನ್ನು 3-1ರಿಂದ ಸೋಲಿಸಿತ್ತು. ವೀಸಾ ವಿಳಂಬದ ಕಾರಣ ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿದ ಪಾಕಿಸ್ತಾನದ ಎದುರು ರಾತ್ರಿ ಭಾರತ 4-0ಯಿಂದ ಗೆದ್ದಿತು. ಸುನಿಲ್ ಚೆಟ್ರಿ ಮೂರು ಗೋಲು ಹೊಡೆದರು, ನಾಲ್ಕನೆಯದು ಉದಾಂತ ಸಿಂಗ್ ಅವರದು. ಜನ ಮಳೆಯಲ್ಲಿ ನೆನೆಯುತ್ತಲೇ ಕುಣಿದರು. ನಾನು ನೋಡುತ್ತಿದ್ದುದು ಮಾತ್ರ ಒದ್ದೆ ನೆಲದಲ್ಲಿ ಪ್ರತಿ ಜಾರಿಕೆಗೂ ಬೂಟಿನ ಮುಳ್ಳುಗಳು ಎತ್ತಿ ಎಸೆಯುತ್ತಿದ್ದ ಹುಲ್ಲಿನ ತುಂಡುಗಳನ್ನು. ಮರುದಿನ ಮಧ್ಯಾಹ್ನ ಲೆಬನಾನ್ ಮತ್ತು ಬಾಂಗ್ಲಾದೇಶ ಇದೇ ನೆಲದ ಮೇಲೆ ಆಡಬೇಕಿತ್ತು.

ಜನ ಚದುರಿ ದೀಪಗಳು ಅರ್ಧ ಆರಿದ ಮೇಲೆ ಗೋಲಿನ ಮುಂದೆ ನಿಂತವಳಿಗೆ ಮುಂದೇನೆಂದು ತೋಚಲಿಲ್ಲ. ಏಪ್ರಿಲ್‌ನಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು. ಮನೆಯಲ್ಲಿ, ಬಂಧುಗಳ ಮುಂದೆ, ಹದಿಮೂರನೆಯ ದಿನದಂದು ಕೂಡ ಅಳದಿದ್ದವಳು ಆ ಕೆಸರಿನಲ್ಲಿ ಕುಳಿತು ಅತ್ತೆ. ಯಜಮಾನರು ಸಮಾಧಾನದ ಮಾತು ಆಡಲಿಲ್ಲ, ಆಡಿದ್ದರೆ ಬಹುಶಃ ನಾನು ಎದ್ದು ಮನೆಗೆ ಹೋಗಿಬಿಡುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು, ನೆಲಕ್ಕೆ ತೂತು ಹಾಕುವ ಕಬ್ಬಿಣದ ಫೋರ್ಕನ್ನು ನನ್ನ ಪಕ್ಕದಲ್ಲಿ ಇಟ್ಟು, “ನೀನು ಈ ಕಡೆಯಿಂದ ಬಾಮ್ಮ, ನಾನು ಆ ಕಡೆಯಿಂದ ಬರ್ತೀನಿ” ಎಂದರು.

ಆ ರಾತ್ರಿ ಅವರು ಹೇಳಿಕೊಟ್ಟದ್ದು ನನ್ನ ಪದವಿಯ ಪುಸ್ತಕಗಳಲ್ಲಿಯೂ ಇದೆ, ಆದರೆ ಅದು ಕೈಗೆ ಬಂದದ್ದು ಅಂದು. ನೆನೆದ ನೆಲದ ಮೇಲೆ ರೋಲರ್ ಓಡಿಸಿದರೆ ಮೇಲೆ ಸಮನಾಗಿ ಕಾಣುತ್ತದೆ, ಒಳಗೆ ಮಣ್ಣು ಬಿಗಿದು ಗಾಳಿ ಹೋಗಿ ಬೇರು ಉಸಿರುಗಟ್ಟುತ್ತದೆ. ಆದ್ದರಿಂದ ರೋಲರ್ ಮುಟ್ಟಕೂಡದು, ತೂತು ಹಾಕಿ ನೀರನ್ನು ಕೆಳಗಿಳಿಸಬೇಕು, ಒಣ ಮರಳನ್ನು ತೆಳುವಾಗಿ ಹರಡಬೇಕು. ಕಿತ್ತ ಹುಲ್ಲಿನ ತುಂಡನ್ನು ಬೇರು ಒಣಗುವ ಮೊದಲೇ ಅದರ ಗುಳಿಯಲ್ಲಿ ಕೂರಿಸಿ ಅಂಗಾಲಿನಿಂದ ಒತ್ತಬೇಕು. ನಮ್ಮ ಕಡೆ ಒದ್ದೆ ಕೈಯಿಂದ ಮುಟ್ಟಿ ಮುದ್ದೆ ಬೆಂದಿದೆಯೇ ಎಂದು ನೋಡುವ ಹಾಗೆ ಅವರು ಪ್ರತಿ ಜಾಗವನ್ನೂ ಬೆರಳಿನಿಂದ ಮುಟ್ಟಿ, ಇದು ಸಾಕು, ಇದಕ್ಕೆ ಇನ್ನೂ ಬೇಕು ಎನ್ನುತ್ತಿದ್ದರು. ಎರಡೂ ತುದಿಯ ಪೆನಾಲ್ಟಿ ಗುರುತುಗಳಿಗೆ ಮಾತ್ರ ಬೇರೆ ಯಾರನ್ನೂ ಬಿಡಲಿಲ್ಲ. ಚೆಂಡು ಒದೆಯುವ ಕಾಲನ್ನು ಎಲ್ಲರೂ ನೋಡುತ್ತಾರೆ, ಊರಿದ ಕಾಲು ಜಾರಿದರೆ ಆ ಹುಡುಗ ಅದನ್ನು ಜನ್ಮವಿಡೀ ಹೊರುತ್ತಾನೆ ಎಂಬುದು ಅವರ ಮಾತು. ಬೆಳಕು ಹರಿಯುವವರೆಗೆ ಅವರು ಕೂರಲಿಲ್ಲ, ಮೊಣಕಾಲಿನ ನೋವಿನ ವಿಷಯ ತೆಗೆಯಲೂ ಬಿಡಲಿಲ್ಲ.

ಆ ಎಚ್ಚರಿಕೆಯ ಬೆಲೆ ನನಗೆ ತಿಳಿದದ್ದು ಜುಲೈ 1ರಂದು. ಅಂದಿನ ಎರಡೂ ಸೆಮಿಫೈನಲ್‌ಗಳು ಹೆಚ್ಚುವರಿ ಅವಧಿಗೆ ಹೋದವು. ಬಾಂಗ್ಲಾದೇಶದ ಎದುರು ಕುವೈತ್ 1-0ಯಿಂದ ಗೆದ್ದಿತು, ಲೆಬನಾನ್ ಮತ್ತು ಭಾರತದ ನಡುವೆ ಗೋಲೇ ಬರಲಿಲ್ಲ. ಒಂದೇ ದಿನ 240 ನಿಮಿಷಗಳ ಆಟವನ್ನು ಹೊತ್ತ ನೆಲದ ಮೇಲೆ ಪೆನಾಲ್ಟಿಗಳು ಶುರುವಾದವು. ಲೆಬನಾನಿನ ನಾಯಕ ಹಸನ್ ಮಾತೂಕ್ ಒದೆದ ಮೊದಲ ಚೆಂಡನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು, ಭಾರತ 4-2ರಿಂದ ಮುಂದೆ ಹೋಯಿತು. ಕುವೈತ್ ವಿರುದ್ಧದ ಫೈನಲ್ ಕೂಡ 1-1ರಲ್ಲಿ ನಿಂತು 120 ನಿಮಿಷ ದಾಟಿತು. ಪೆನಾಲ್ಟಿಗಳ ಆರನೆಯ ಸುತ್ತಿನಲ್ಲಿ ನವೊರೆಮ್ ಮಹೇಶ್ ಸಿಂಗ್ ಗೋಲು ಹೊಡೆದರು, ಖಾಲಿದ್ ಹಾಜಿಯಾ ಅವರ ಒದೆತವನ್ನು ಗುರುಪ್ರೀತ್ ಹಾರಿ ತಡೆದರು. ಈ ಎರಡು ರಾತ್ರಿಗಳಲ್ಲಿ ಒಟ್ಟು 20 ಪೆನಾಲ್ಟಿಗಳು. ಅಷ್ಟರಲ್ಲಿಯೂ ನಾನು ಚೆಂಡನ್ನು ನೋಡಿದ್ದು ಕಡಿಮೆ, ಊರಿದ ಕಾಲನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಯಜಮಾನರು ಪ್ರತಿ ಒದೆತಕ್ಕೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆಂದು ಇಲ್ಲಿ ಬರೆಯುವುದು ಅವರಿಗೆ ಇಷ್ಟವಾಗಲಾರದು, ಆದರೂ ಬರೆದಿದ್ದೇನೆ.

ತಂಡದಲ್ಲಿ ಬಹುಮಾನ ವಿತರಣೆಯ ಚಿತ್ರಗಳು ಎಲ್ಲರ ಬಳಿಯೂ ಇವೆ. ಯಾವುದರಲ್ಲಿಯೂ ಯಜಮಾನರಿಲ್ಲ, ಏಕೆಂದರೆ ಕ್ಯಾಮೆರಾ ಕಂಡ ಕೂಡಲೇ ಅವರು ಮರಳಿನ ಚೀಲಗಳ ಕಡೆಗೆ ನಡೆದುಬಿಡುತ್ತಾರೆ. ಅವರ ಮೊಮ್ಮಗಳು ಒಂದು ಚಿತ್ರ ಕೇಳಿದ್ದಾಳೆ. ಆ ದಿನಗಳಲ್ಲಿ ಗ್ಯಾಲರಿಯಿಂದ ಮೈದಾನದ ಚಿತ್ರ ತೆಗೆದವರು ದಯವಿಟ್ಟು ಅಂಚುಗಳನ್ನು ದೊಡ್ಡದಾಗಿಸಿ ನೋಡಿ. ತಲೆಗೆ ನೀಲಿ ಟವೆಲ್ ಸುತ್ತಿಕೊಂಡ, ಎಡಗಾಲು ಸ್ವಲ್ಪ ಎಳೆದು ನಡೆಯುವ ಹಿರಿಯರು ಕಂಡರೆ ನನಗೆ ಕಳುಹಿಸಿ.